ತೊಂಬತ್ತು ದಿನದ ಪುರಾವೆ

ಪುಣೆಯಲ್ಲಿ ದುಡಿಯುವ ನಮ್ಮ ಕನ್ನಡದ ಕಟ್ಟಡ ಕೂಲಿಯವರ ಹೆಸರನ್ನು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಬರೆಸುತ್ತಿದ್ದೇವೆ. ಹದಿನೇಳನೆಯ ನೋಂದಣಿ ಆಯಿತೆಂಬ ಸಂದೇಶ ಹೋದ ಗುರುವಾರ ಬಂತು. ಜೂನ್‌ನಲ್ಲಿ ಪಂಢರಪುರಕ್ಕೆ ಹೋಗುವ ವಾರಕರಿಗಳ ಪಾಲಕಿಗಳು ಪುಣೆಯನ್ನು ದಾಟಿ ಹೋದ ಮರುವಾರ ಹಿಡಿದ ಕೆಲಸ ಇದು. ಈಗ ಸಂಕ್ರಾಂತಿ. ನಲವತ್ತೊಂದು ಜನರೊಂದಿಗೆ ಶುರು ಮಾಡಿ ಹದಿನೇಳು ಜನರನ್ನು ದಡ ಮುಟ್ಟಿಸಿದ್ದೇವೆ. ಮುಂಬಯಿಯಿಂದಲೂ ಗೋವೆಯಿಂದಲೂ ಕನ್ನಡದವರು ಫೋನ್ ಮಾಡಿ, "ನಮ್ಮ ಕಡೆಯ ಕೂಲಿಯವರಿಗೂ ಹೀಗೇ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡೋಣ?" ಎಂದು ಕೇಳುತ್ತಿದ್ದಾರೆ. ನಾವು ಎರಡು ತಿಂಗಳು ಕಳೆದುಕೊಂಡ ಜಾಗದಲ್ಲಿ ಅವರೂ ಕಳೆದುಕೊಳ್ಳಬಾರದು ಎಂದು ಬರೆಯುತ್ತಿದ್ದೇನೆ.

ನಾನು ಧಾರವಾಡದವಳು, ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಕೊಥ್ರೂಡಿನಲ್ಲಿ ಮನೆ, ಹಿಂಜವಡಿಯಲ್ಲಿ ಕೆಲಸ. ದಿನಾ ಆಫೀಸಿಗೆ ಹೋಗುವಾಗ ವಾರ್ಜೆ ಮಾಳವಾಡಿಯಲ್ಲಿ ಹೆದ್ದಾರಿಯ ಬದಿಗೆ ಮಜೂರರ ಅಡ್ಡಾ ಕಾಣುತ್ತದೆ. ಬೆಳಿಗ್ಗೆ ಏಳಕ್ಕೇ ನೂರಾರು ಜನ ಬುತ್ತಿ ಹಿಡಿದು, ಆ ದಿನದ ಕೂಲಿ ಕೆಲಸಕ್ಕೆ ಯಾರಾದರೂ ಕರೆದಾರೆಂದು ಕಾಯುತ್ತ ನಿಂತಿರುತ್ತಾರೆ. ಅದೇ ಹೆದ್ದಾರಿ ಹಿಡಿದು ಹೋದರೆ ನಮ್ಮ ಧಾರವಾಡ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ಕನ್ನಡ ಕೇಳಿಸುತ್ತಿತ್ತು. ಯಾದಗಿರಿ, ಕಲಬುರಗಿ, ವಿಜಯಪುರದ ಮಾತು.

ಆಫೀಸಿನಲ್ಲಿ ನಮಗೆ ಎರಡು ದಿನ ಡಿಸೈನ್ ಥಿಂಕಿಂಗ್ ತರಬೇತಿ ಕೊಟ್ಟಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿ-ಸ್ಕೂಲ್ ಹೇಳಿಕೊಡುವ ಐದು ಹೆಜ್ಜೆಗಳು: ಎದುರಿನವರ ಪಾಡನ್ನು ಅವರ ಜಾಗದಲ್ಲಿ ನಿಂತು ಅರಿಯುವುದು, ನಿಜವಾದ ತೊಡಕು ಯಾವುದೆಂದು ಗುರುತಿಸುವುದು, ಉಪಾಯಗಳನ್ನು ಹುಡುಕುವುದು, ಕಚ್ಚಾ ಮಾದರಿ ಮಾಡುವುದು, ಅದನ್ನು ಅವರ ಕೈಗೇ ಕೊಟ್ಟು ನೋಡುವುದು. ಕಂಪನಿಯ ತಂತ್ರಾಂಶಕ್ಕೆ ಆಗುವ ಕ್ರಮ ಈ ಅಡ್ಡಾಕ್ಕೆ ಯಾಕೆ ಆಗಬಾರದು ಅನ್ನಿಸಿತು. ಗೆಳತಿಯರಿಬ್ಬರು ಮತ್ತು ನಿವೃತ್ತ ಮೇಷ್ಟ್ರೊಬ್ಬರು ಜೊತೆಗೂಡಿದರು.

ಹಿಡಿದ ವಿಷಯ ಕಟ್ಟಡ ಕಾರ್ಮಿಕರ ನೋಂದಣಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಕಾಲದಿಂದ, ಕಟ್ಟಡ ಕಟ್ಟಿಸುವವರಿಂದ ವೆಚ್ಚದ ಶೇ. 1ರಷ್ಟು ಸೆಸ್ ವಸೂಲಿ ಮಾಡಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಕೊಡುತ್ತಾರೆ. ಮಂಡಳಿಯಲ್ಲಿ ಹೆಸರಿದ್ದವರಿಗೆ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತವಾದರೆ ಮನೆಯವರಿಗೆ ಹಣ ಸಿಗುತ್ತದೆ. ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಸರ್ಕಾರಿ ಶುಲ್ಕ ತೀರಾ ಅತ್ಯಲ್ಪ. ಇಷ್ಟು ಸುಲಭವಿದ್ದೂ ನಮ್ಮವರು ಯಾಕೆ ಮಾಡಿಸಿಕೊಂಡಿಲ್ಲ? ಗೊತ್ತಿಲ್ಲ, ಅದಕ್ಕೆ ಮಾಡಿಸಿಲ್ಲ ಎಂದು ನಾವೇ ತೀರ್ಮಾನಿಸಿಬಿಟ್ಟೆವು. ಎಲ್ಲ ತಪ್ಪಿಗೂ ಇದೇ ಮೂಲ.

ಕನ್ನಡದಲ್ಲಿ ಕರಪತ್ರ ಬರೆದು ಐನೂರು ಪ್ರತಿ ಹಾಕಿಸಿದೆವು. 1,750 ರೂಪಾಯಿ ಖರ್ಚಾಯಿತು. ಜೊತೆಗೆ ಇಪ್ಪತ್ನಾಲ್ಕು ಪ್ರಶ್ನೆಗಳ ಒಂದು ಫಾರಂ. ಎರಡು ಶನಿವಾರ ಬೆಳಿಗ್ಗೆ ಎಂಟಕ್ಕೆ ಅಡ್ಡಾಕ್ಕೆ ಹೋಗಿ ಹಂಚಿದೆವು, ಕೇಳಿದೆವು. ಎಲ್ಲರೂ ಮರ್ಯಾದೆಯಿಂದ "ಹೂನ್ರಿ, ಬರಾಬರ್ ಅದರಿ" ಅಂದರು. ಕರಪತ್ರದಲ್ಲಿದ್ದ ನಂಬರಿಗೆ ಒಂದೇ ಒಂದು ಫೋನ್ ಬರಲಿಲ್ಲ. ಮೂರನೆಯ ಶನಿವಾರ ಶಹಾಪುರ ಕಡೆಯ ಅಕ್ಕ ಒಬ್ಬರು ನನ್ನನ್ನು ಬದಿಗೆ ಕರೆದು ಹೇಳಿದರು: "ಅಕ್ಕಾರ, ನೀವು ಹೇಳೂದು ನಮಗ ಮೊದಲೇ ಗೊತ್ತದ. ಗೊತ್ತಿದ್ರ ಏನಾಗ್ತದರಿ? ನೀವು ಮಾತಾಡ್ಸೂದ್ರಾಗ ಟೆಂಪೋ ಹೋಯ್ತು ನೋಡ್ರಿ."

ಅವತ್ತು ಅವರಿಗೆ ಕೆಲಸ ಸಿಗಲಿಲ್ಲ. ಬಿಗಾರಿ ಕೆಲಸದ, ಅಂದರೆ ಗೌಂಡಿಗೆ ಸಾಮಾನು ಹೊತ್ತು ಕೊಡುವ, ಹೆಂಗಸರಿಗೆ ಆ ಅಡ್ಡಾದಲ್ಲಿ ದಿನಕ್ಕೆ 600 ರೂಪಾಯಿ. ಅದನ್ನು ಕಳೆದವಳು ನಾನು. ಮನೆಗೆ ಬಂದು ಊಟ ಸೇರಲಿಲ್ಲ.

ಮುಂದೆ ಈ ಕೆಲಸಕ್ಕೆ ಇಳಿಯುವವರು ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಏಳೂವರೆಯಿಂದ ಒಂಬತ್ತೂವರೆಯವರೆಗೆ ಅಡ್ಡಾದಲ್ಲಿ ಯಾರನ್ನೂ ಮಾತಿಗೆ ಎಳೆಯಬೇಡಿ. ಗುತ್ತಿಗೆದಾರರ ಗಾಡಿ ಬರುವ ಹೊತ್ತು ಅದು, ಎಲ್ಲರ ಕಣ್ಣೂ ರಸ್ತೆಯ ಮೇಲಿರುತ್ತದೆ. ಹತ್ತರ ಮೇಲೆ ಹೋಗಿ. ಕೆಲಸ ಸಿಗದೆ ಉಳಿದವರು ಬುತ್ತಿ ಬಿಚ್ಚಿ ಕೂತಿರುತ್ತಾರೆ. ಮಾತು ಹೊರಡುವುದು ಆಗ.

ಜುಲೈ ಪೂರ್ತಿ ಪೆನ್ನು, ಫಾರಂ ಎರಡನ್ನೂ ಮನೆಯಲ್ಲಿಟ್ಟು ಹೋದೆವು. ಮಳೆಗಾಲ, ಕೆಲಸ ಕಡಿಮೆ, ಕೂತವರು ಹೆಚ್ಚು. ನಾವು ಕೇಳಬೇಕೆಂದಿದ್ದ ವಿಷಯಕ್ಕೆ ಯಾರೂ ಬರಲಿಲ್ಲ. ರೇಷನ್ ಬಗ್ಗೆ ಕೇಳಿದರು, ಮಗನ ಟಿ.ಸಿ. ಬಗ್ಗೆ, ಊರಲ್ಲಿರುವ ಅತ್ತೆಯ ಪಿಂಚಣಿ ಬಗ್ಗೆ ಕೇಳಿದರು. ಕರ್ನಾಟಕದ ರೇಷನ್ ಕಾರ್ಡಿನ ಮೇಲೆ ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಪುಣೆಯ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು ಎಂಬುದು ಬಹಳ ಜನರಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಮೂರು ಮನೆಯವರನ್ನು ಕರೆದುಕೊಂಡು ಹೋಗಿ ಅಕ್ಕಿ ಕೊಡಿಸಿ ತಂದರು. ನಮ್ಮ ಯೋಜನೆಯಲ್ಲಿ ಇಲ್ಲದ ಕೆಲಸ ಅದು. ಆದರೆ ಆಮೇಲೆ ನಾವು ಬಂದರೆ ಕೂರಲು ಸಿಮೆಂಟ್ ಚೀಲ ಹಾಸಿ ಜಾಗ ಬಿಡುತ್ತಿದ್ದರು.

ಆಗಸ್ಟ್ ಮೊದಲ ವಾರ ಶಹಾಪುರದ ಅಕ್ಕನನ್ನು ಕೇಳಿದೆ: "ನೋಂದಣಿಗೆ ನಿಮ್ಮ ಜೊತೆ ನಾನೂ ಬರ್ತೀನಿ. ನಾ ಏನೂ ಮಾಡಾಂಗಿಲ್ಲ, ನಿಮ್ಮ ಹಿಂದ ನಿಂತು ನೋಡ್ತೀನಿ. ಆಗ್ಬಹುದಾ?" ದಿನದ ಕೂಲಿ 600 ನಾವು ಕೊಡುವುದೆಂದು ಮೊದಲೇ ಮಾತಾಡಿದೆವು. ಇದರ ಬಗ್ಗೆ ನಮ್ಮೊಳಗೆ ಜಗಳವಾಗಿತ್ತು. ದುಡ್ಡು ಕೊಟ್ಟರೆ ಅಭ್ಯಾಸವಾಗುತ್ತದೆ ಎಂದು ಒಬ್ಬರ ವಾದ. ನನ್ನ ಮಾತು ಇಷ್ಟೇ: ಕಲಿಯುವವರು ನಾವು, ಆ ದಿನದ ಲಾಭ ನಮ್ಮದು, ನಷ್ಟ ಅವರ ಮೇಲೆ ಯಾಕೆ? ಈಗಲೂ ಅದೇ ಹೇಳುತ್ತೇನೆ.

ಒಂದು ದಿನಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ, ಮೂರು ದಿನ ಹಿಡಿಯಿತು. ಮೊದಲ ದಿನ ಎರಡು ಬಸ್ ಬದಲಿಸಿ ನೋಂದಣಿಯ ಸುವಿಧಾ ಕೇಂದ್ರ ಮುಟ್ಟಿದಾಗ ಹತ್ತೂಕಾಲು. ಟೋಕನ್ ಸಿಕ್ಕಿತು, ಒಂದೂವರೆಗೆ ಸರದಿ ಬಂತು. ಆಧಾರ್ ಸಂಖ್ಯೆ ಹಾಕಿದ ಕೂಡಲೇ ಓಟಿಪಿ ಹೋಯಿತು. ಹೋದದ್ದು ಎಂಟು ವರ್ಷದ ಹಿಂದೆ ಮೈದುನ ಕೊಡಿಸಿದ್ದ, ಈಗ ಬಂದ್ ಆಗಿರುವ ನಂಬರಿಗೆ. ವಾಪಸ್. ಅಕ್ಕ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು, ಅಷ್ಟೇ.

ಎರಡನೆಯ ದಿನ ಆಧಾರ್ ಕೇಂದ್ರ. ಮೊಬೈಲ್ ನಂಬರ್ ಬದಲಿಸಲು ಯಾವ ದಾಖಲೆಯೂ ಬೇಡ, ಬೆರಳು ಕೊಟ್ಟರೆ ಸಾಕು. ಆದರೆ ಹನ್ನೆರಡು ವರ್ಷ ಸಿಮೆಂಟು ಮರಳಿನಲ್ಲಿ ಸವೆದ ಬೆರಳು. ಯಂತ್ರ ಒಂದೊಂದನ್ನೂ ತಿರಸ್ಕರಿಸುತ್ತ ಹೋಯಿತು. ಅಕ್ಕ ಸೆರಗಿನಿಂದ ಒರೆಸಿಕೊಂಡು ಮತ್ತೆ ಮತ್ತೆ ಒತ್ತುತ್ತಿದ್ದರು, ತಪ್ಪು ತಮ್ಮದೇ ಎನ್ನುವ ಹಾಗೆ. ಕಣ್ಣಿನ ಪಾಪೆಯಿಂದಲೂ ಗುರುತು ಹಿಡಿಯಬಹುದೆಂದು ನನಗೆ ಓದಿ ಗೊತ್ತಿತ್ತು. ಕೇಳಿದಾಗ ಅಲ್ಲಿನ ಹುಡುಗ ಕೂಡಲೇ ಮಾಡಿಕೊಟ್ಟ. ಕೇಳದಿದ್ದರೆ ಅದೂ ಒಂದು ದಿನ ಹೋಗುತ್ತಿತ್ತು. ಆಗ ಶುಲ್ಕ 50 ರೂಪಾಯಿ ಇತ್ತು, 2025ರ ಅಕ್ಟೋಬರ್‌ನಿಂದ 75 ಆಗಿದೆ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮನ್ ಮನೆಗೇ ಬಂದು ಮೊಬೈಲ್ ನಂಬರ್ ಬದಲಿಸಿಕೊಡುವ ವ್ಯವಸ್ಥೆಯೂ ಇದೆ. ನಮಗೆ ಇದು ತಡವಾಗಿ ತಿಳಿಯಿತು. ತಿಳಿದ ಮೇಲೆ ಹತ್ತು ಹನ್ನೆರಡು ಜನರನ್ನು ಒಂದೇ ಭಾನುವಾರ ಒಂದೇ ಕಡೆ ಕೂರಿಸಿ ಪಟ್ಟಿ ಮಾಡಿ, ಹತ್ತಿರದ ಅಂಚೆ ಕಚೇರಿಗೆ ಮುಂಚೆಯೇ ತಿಳಿಸುತ್ತ ಬಂದೆವು.

ಮೂರನೆಯ ದಿನ ಓಟಿಪಿ ಬಂತು, ಫೋಟೊ ಆಯಿತು, ಪಾಸ್‌ಬುಕ್ ಆಯಿತು. ಕೊನೆಗೆ ಕೇಳಿದರು: 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಎಲ್ಲಿ?

ಅಕ್ಕ ನನ್ನ ಕಡೆ ತಿರುಗಿದರು. "ಇದಕ್ಕೇರಿ ಯಾರೂ ಬರಲ್ಲ ಅಂದಿದ್ದು. ವರ್ಷದಾಗ ಮೂವತ್ತು ಮಂದಿ ಬಲ್ಲಿ ದುಡಿತೀನಿ. ಯಾರ್ ಕೊಡ್ತಾರ್ರಿ ನನಗ ಕಾಗದ?" ಹೊರಗೆ ಗೇಟಿನ ಬಳಿ ಒಬ್ಬ ಏಜೆಂಟ್ 1,500 ರೂಪಾಯಿಗೆ ಸಹಿ, ಶಿಕ್ಕಾ ಸಮೇತ ಪತ್ರ ಕೊಡುತ್ತೇನೆಂದ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಅರ್ಜಿ ಹೋಗುತ್ತದೆ, ಸುಳ್ಳು ಹೇಳಿದವಳು ಎಂಬ ಹೆಸರು ನಿಜವಾಗಿ ದುಡಿದವಳಿಗೆ ಬರುತ್ತದೆ.

ಅವತ್ತು ಸಂಜೆ ಅಕ್ಕನ ಜೊತೆ ಅವರ ಖೋಲಿಗೆ ಹೋದೆ. ತಗಡಿನ ಪತ್ರಾ ಹೊದಿಸಿದ ಶೆಡ್ಡು, ಒಂದು ಬದಿಗೆ ಪ್ಲೈವುಡ್ಡಿನ ಗೋಡೆ. ಚಹಾ ಕಾಯಿಸುತ್ತಿದ್ದರು. ಒಲೆಯ ಪಕ್ಕ ಪ್ಲೈವುಡ್ಡಿನ ಮೇಲೆ ಇದ್ದಿಲಿನಿಂದ ಎಳೆದ ಗೀಟುಗಳು ಕಂಡವು. ನಾಲ್ಕು ಉದ್ದದ ಗೀಟು, ಪಕ್ಕದಲ್ಲಿ ಒಂದು ಗಿಡ್ಡ ಗೀಟು. ಏನೆಂದು ಕೇಳಿದೆ.

"ಹಾಜರಿರಿ. ಉದ್ದಂದು ಪೂರಾ ದಿನ, ಗಿಡ್ಡಂದು ಅರ್ಧ ದಿನ. ಐತವಾರ ಬಟವಾಡಿ ಆದ ಮ್ಯಾಲ ಅಳಿಸ್ತೀನಿ."

ಪ್ರತಿ ವಾರ ಬರೆದು, ವಾರದ ಕೂಲಿ ಕೈಗೆ ಬಂದ ಮೇಲೆ ಅಳಿಸುತ್ತ ಹನ್ನೆರಡು ವರ್ಷ. ಸರ್ಕಾರ ಕೇಳುವ ಪುರಾವೆ ಆ ಗೋಡೆಯ ಮೇಲೆ ಹುಟ್ಟಿ ಅಲ್ಲೇ ಸಾಯುತ್ತಿತ್ತು. ನನಗೆ ಚಹಾದ ಲೋಟ ಹಿಡಿದುಕೊಂಡೇ ಅಳು ಬಂತು. ಅಕ್ಕನಿಗೆ ಯಾಕೆಂದು ತಿಳಿಯಲಿಲ್ಲ, ಒಲೆಯ ಹೊಗೆ ಎಂದುಕೊಂಡು ಬಾಗಿಲು ತೆರೆದರು.

ಮರುದಿನ ನಾಲ್ವರೂ ಕೂತು, ತೊಡಕು ಯಾವುದೆಂದು ಶುರುವಿನಲ್ಲಿ ಬರೆದಿಟ್ಟುಕೊಂಡಿದ್ದ ವಾಕ್ಯವನ್ನು ಹೊಡೆದು ಹಾಕಿದೆವು. "ನಮ್ಮವರಿಗೆ ಯೋಜನೆಯ ಬಗ್ಗೆ ಅರಿವು ಮೂಡಿಸುವುದು ಹೇಗೆ" ಎಂದಿತ್ತು. "ವಾರಾಂತ್ಯಕ್ಕೆ ಅಳಿಸಿಹೋಗುವ ಹಾಜರಿ ವರ್ಷ ಪೂರ್ತಿ ಉಳಿಯುವುದು ಹೇಗೆ" ಎಂದು ಬರೆದುಕೊಂಡೆವು. ಎರಡು ತಿಂಗಳಲ್ಲಿ ನಾವು ಮಾಡಿದ ಮೊದಲ ಸರಿಯಾದ ಕೆಲಸ ಇದು.

ಗೆಳತಿ ಎರಡು ವಾರ ರಾತ್ರಿ ಕೂತು ಒಂದು ಆ್ಯಪ್ ಮಾಡಿದಳು. ಚೆನ್ನಾಗಿಯೇ ಇತ್ತು, ಕನ್ನಡದಲ್ಲಿ ಮಾತಾಡುತ್ತಿತ್ತು. ಆದರೆ ಮನೆಗೆ ಒಂದೇ ಫೋನು, ಅದು ಗಂಡನ ಜೊತೆ ಬೇರೆ ಸೈಟಿಗೆ ಹೋಗಿರುತ್ತದೆ. ಕೈಬಿಟ್ಟೆವು.

ಆಗ ನೆನಪಾದದ್ದು ತರಬೇತಿಯಲ್ಲಿ ಕೇಳಿದ ತಂಬಿಗೆಯ ಮಾತು. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕಾರ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಅದೇ ಆಧಾರ. ಈ ದೇಶದಲ್ಲಿ ಕಂಡ ವಸ್ತುಗಳಲ್ಲಿ ಅವರು ಬಹಳವಾಗಿ ಮೆಚ್ಚಿದ್ದು ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಂಥದ್ದು, ಹೊರುವುದು ತಲೆಯ ಮೇಲೋ ಸೊಂಟದಲ್ಲೋ, ಸುರಿಯುವಾಗ ತೂಕ ಎತ್ತ ವಾಲುತ್ತದೆ ಎಂದೆಲ್ಲ ಅದರ ಬಗ್ಗೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಅವರು ಸಾಲಾಗಿ ಬರೆದಿದ್ದಾರೆ. ಹಾಜರಿ ಚೀಟಿಗೂ ಹಾಗೆಯೇ ಕೇಳಿಕೊಂಡೆವು. ಹಿಡಿಯುವ ಕೈ ಒದ್ದೆ, ಸುಣ್ಣ ಸಿಮೆಂಟು ಮೆತ್ತಿದ್ದು. ಹಗಲೆಲ್ಲ ಅದು ಎಲ್ಲಿರುತ್ತದೆ? ಹೆಂಗಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆ ಸಂಚಿಯಲ್ಲಿ. ಹಾಗಾದರೆ ಸಂಚಿಯ ಅಳತೆಯೇ ಚೀಟಿಯ ಅಳತೆ: ಮೂರು ಇಂಚು, ನಾಲ್ಕು ಇಂಚು.

ಮೊದಲನೆಯದು ಸಾದಾ ಕಾಗದ, ಗಣೇಶ ಚವತಿಯ ಮಳೆಗೆ ಹಿಟ್ಟಾಯಿತು. ಎರಡನೆಯದಕ್ಕೆ ಲ್ಯಾಮಿನೇಶನ್ ಮಾಡಿಸಿದೆವು, ಅದರ ಮೇಲೆ ಪೆನ್ನು ಓಡಲಿಲ್ಲ. ಮೂರನೆಯದು ದಪ್ಪ ಹಳದಿ ರಟ್ಟು, ತಿಂಗಳಿಗೊಂದು, ಮೂವತ್ತೊಂದು ಚೌಕ. ಪೆನ್ನಿನ ಬದಲು ಪಂಚ್: ಪೂರ್ತಿ ದಿನಕ್ಕೆ ಎರಡು ತೂತು, ಅರ್ಧಕ್ಕೆ ಒಂದು. ನೀರಿಗೆ ಅಳಿಸುವುದಿಲ್ಲ, ಬರಹ ಬಾರದವರಿಗೂ ಬೆರಳಿಗೆ ಗೊತ್ತಾಗುತ್ತದೆ. ಹಿಂಬದಿಗೆ ಕೆಲಸದ ಜಾಗ, ಕೆಲಸ ಕೊಟ್ಟವರ ಫೋನ್ ನಂಬರು, ವಾರದ ಸಹಿ. ಒಂದಕ್ಕೆ ನಾಲ್ಕೂವರೆ ರೂಪಾಯಿ ಬಿತ್ತು. ಪಂಚ್ ಒಂದಕ್ಕೆ 120, ಎಂಟು ತಂದೆವು.

ಪಂಚ್ ಹಿಡಿಯಬೇಕಾದವರು ಮುಕಾದಮರು, ಅಂದರೆ ಕೂಲಿಯವರ ಗುಂಪಿನ ಮೇಸ್ತ್ರಿಗಳು. ಅವರು ಒಪ್ಪಲಿಲ್ಲ. ಸಿಂದಗಿ ಕಡೆಯ ಹಿರಿಯ ಮುಕಾದಮ್ ಕಾಕಾ ಚೀಟಿಯನ್ನು ಮುಟ್ಟಲೂ ಇಲ್ಲ. ಒತ್ತಾಯ ಮಾಡದೆ ಎರಡು ಭಾನುವಾರ ಅವರ ಬಟವಾಡೆ ನೋಡುತ್ತ ಕೂತೆ. ಪ್ರತಿ ಸಲವೂ ಉಚಲದ ಲೆಕ್ಕಕ್ಕೆ ಜಗಳ. ಮುಂಗಡ ಎಷ್ಟು ಕೊಟ್ಟೆ, ಎಷ್ಟು ಮುರಿದುಕೊಂಡೆ ಎಂಬುದಕ್ಕೆ ಅವರ ಡೈರಿಯೊಂದೇ ಸಾಕ್ಷಿ, ಅದನ್ನು ಯಾರೂ ನಂಬರು. ಮೂರನೆಯ ಭಾನುವಾರ ಅವರೇ ಅಂದರು: "ಸಹಿ ಮಾಡಿದ್ರ ನಾಳೆ ಯಾವುದರ ಕೇಸಿನ್ಯಾಗ ನನ್ನ ಹೆಸರು ಬರತೈತಿ ಅಂತ ಅಂಜಿಕಿ ನೋಡವಾ. ಆದ್ರ ಆ ತೂತಿನ ಚೀಟಿ ಇಬ್ಬರ ಬಳಿನೂ ಇದ್ರ ಈ ಜಗಳ ಇರಾಂಗಿಲ್ಲ." ಅಂದಿನಿಂದ ಒಂದರ ಮೇಲೊಂದು ಎರಡು ರಟ್ಟು ಇಟ್ಟು ಒಂದೇ ಸಲ ತೂತು ಹಾಕುವುದಾಯಿತು, ಒಂದು ಅಕ್ಕನ ಸಂಚಿಗೆ, ಒಂದು ಕಾಕಾನ ಡೈರಿಗೆ. ಕಾಕಾನ ಭಯವನ್ನೂ ನಾವು ಜೂನ್‌ನಲ್ಲೇ ಕೇಳಬೇಕಿತ್ತು. ಕೂಲಿಯವರ ಕಡೆ ಮಾತ್ರ ಕಿವಿ ಕೊಟ್ಟು ಅವರನ್ನು ಎದುರಾಳಿ ಎಂದುಕೊಂಡಿದ್ದೆವು.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಈ ಚೀಟಿ ತಾನೇ ಪ್ರಮಾಣಪತ್ರವಲ್ಲ. ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ ಕೆಲಸ ಕೊಟ್ಟ ಗುತ್ತಿಗೆದಾರ ಅಥವಾ ಸ್ಥಳೀಯ ಸಂಸ್ಥೆಯ ಅಧಿಕೃತರು, ಹಳ್ಳಿಯಾದರೆ ಗ್ರಾಮಸೇವಕರು, ಕೊಡಬೇಕು. ಚೀಟಿ ಮಾಡುವ ಕೆಲಸವೆಂದರೆ ಅವರಿಗೆ ಧೈರ್ಯದಿಂದ ಸಹಿ ಹಾಕಲು ಆಧಾರ ಒದಗಿಸುವುದು. ಒಂದೇ ದೊಡ್ಡ ಸೈಟಿನಲ್ಲಿದ್ದ ಹನ್ನೊಂದು ಜನರ ಚೀಟಿಗಳನ್ನು ಅಲ್ಲಿನ ಇಂಜಿನಿಯರ್ ತಮ್ಮ ಮಸ್ಟರ್ ಎಂಬ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದರು. ದಿನಗಳು ಹೊಂದಿದವು. ಹಿಂದಿನ ತಿಂಗಳುಗಳನ್ನೂ ತಮ್ಮ ಪುಸ್ತಕದಿಂದಲೇ ಸೇರಿಸಿ ದೀಪಾವಳಿಯ ನಂತರ ಗುತ್ತಿಗೆದಾರರ ಸಹಿ ಮಾಡಿಸಿಕೊಟ್ಟರು. ಅಡ್ಡಾದಲ್ಲಿ ದಿನಕ್ಕೊಬ್ಬರ ಬಳಿ ಹೋಗುವವರದು ಕಷ್ಟವಾಯಿತು. ಅಧಿಕೃತರೊಬ್ಬರ ಬಳಿಗೆ ನಾಲ್ಕು ಸಲ ಹೋದೆವು. ನಾಲ್ಕನೆಯ ಸಲ ಅವರು ಚೀಟಿಯ ಹಿಂದಿದ್ದ ಐದಾರು ನಂಬರುಗಳಿಗೆ ತಾವೇ ಫೋನ್ ಮಾಡಿ ವಿಚಾರಿಸಿ, ಆರು ಜನರಿಗೆ ಕೊಟ್ಟರು. ಶಹಾಪುರದ ಅಕ್ಕ ಆ ಆರರಲ್ಲಿ ಕೊನೆಯವರು.

ಉಳಿದ ಇಪ್ಪತ್ನಾಲ್ಕು ಜನರಲ್ಲಿ ಒಂಬತ್ತು ಮಂದಿ ಊರಿಗೆ ಹೋಗಿ ಮರಳಲಿಲ್ಲ. ಕೆಲವರ 90 ದಿನ ಇನ್ನೂ ತುಂಬಿಲ್ಲ. ಐವರದು ಹೆಸರಿನ ತೊಡಕು. ಆಧಾರ್‌ನಲ್ಲಿ ಇಂಗ್ಲಿಷಿನ ಎಮ್ ಎರಡು, ಪಾಸ್‌ಬುಕ್ಕಿನಲ್ಲಿ ಒಂದು. ಅಡ್ಡಹೆಸರು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಇದನ್ನು ಮೊದಲ ದಿನವೇ ಪಕ್ಕಪಕ್ಕಕ್ಕೆ ಇಟ್ಟು ನೋಡಿಕೊಳ್ಳಿ. ಊರಿನ ಗ್ರಾಮೀಣ ಬ್ಯಾಂಕಿನ ಹಳೆಯ ಪಾಸ್‌ಬುಕ್ ಇದ್ದರೆ, ವಿಲೀನದ ನಂತರ ಐಎಫ್‌ಎಸ್‌ಸಿ ಸಂಖ್ಯೆ ಬದಲಾಗಿದೆಯೇ ಎಂದು ಶಾಖೆಗೆ ಫೋನ್ ಮಾಡಿ ಕೇಳಿ. ಫೋಟೊ, ಜೆರಾಕ್ಸ್, ಮೂಲ ಪ್ರತಿ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ನಿಯಮ, ಕೇಂದ್ರಗಳ ಜಾಗ ಆಗಾಗ ಬದಲಾಗುತ್ತವೆ. ಹೋಗುವ ಹಿಂದಿನ ದಿನ ಒಬ್ಬರು ಹೋಗಿ ಕೇಳಿಕೊಂಡು ಬರುವುದು ಒಳ್ಳೆಯದು. ಹೋಗುವವರು ನೀವಾಗಿರಿ, ಕೂಲಿಯವರಲ್ಲ.

ನೋಂದಣಿ ಆದ ಮೇಲೂ ಒಂದು ಪೆಟ್ಟು ಕಾದಿತ್ತು. ಒಂದರಿಂದ ಏಳನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ 2,500 ರೂಪಾಯಿ ನೆರವಿದೆ, ಶಾಲೆಯಲ್ಲಿ ಶೇ. 75 ಹಾಜರಿ ಬೇಕು. ನಮ್ಮವರು ಅಲಾಯಿ (ಮೊಹರಂ) ಹಬ್ಬಕ್ಕೆ, ಎಳ್ಳಮಾವಾಸ್ಯೆಗೆ, ಜಾತ್ರೆಗೆ ಮಕ್ಕಳನ್ನೂ ಕರೆದುಕೊಂಡು ಊರಿಗೆ ಹೋಗುತ್ತಾರೆ. ಅಕ್ಕನ ನಾಲ್ಕನೇ ತರಗತಿಯ ಮಗಳ ಹಾಜರಿ ಡಿಸೆಂಬರ್‌ಗೆ ಶೇ. 71ಕ್ಕೆ ಇಳಿದಿತ್ತು. ವರ್ಷ ಮುಗಿಯುವುದರೊಳಗೆ ತುಂಬಿಸಬಹುದು, ಒಂದು ದಿನವೂ ತಪ್ಪಿಸಬಾರದು ಎಂದು ಟೀಚರ್ ಹೇಳಿದ್ದಾರೆ. ಈಗ ಆ ಹುಡುಗಿಗೂ ಒಂದು ಹಳದಿ ರಟ್ಟು ಬೇಕಂತೆ. ಕೊಟ್ಟಿದ್ದೇವೆ.

ಖರ್ಚು ಕೇಳುವವರಿಗೆ: ಕರಪತ್ರ, ಮೂರು ಬಗೆಯ ಚೀಟಿ, ಪಂಚ್, ಜೆರಾಕ್ಸ್, ಆಧಾರ್ ಶುಲ್ಕ, ಓಡಾಟ, ಕೂಲಿಯ ಬದಲಿ ಎಲ್ಲ ಸೇರಿ ಏಳು ತಿಂಗಳಿಗೆ 19,300 ರೂಪಾಯಿ. ನಾಲ್ವರೂ ಹಂಚಿಕೊಂಡೆವು. ನನ್ನ ರಜೆ ಒಂಬತ್ತು ದಿನ ಹೋಯಿತು.

ಹೋದ ಭಾನುವಾರ ಅಕ್ಕನ ಖೋಲಿಗೆ ಹೋಗಿದ್ದೆ. ಊರಿಂದ ತಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಪ್ಲೈವುಡ್ಡಿನ ಮೇಲೆ ಗೀಟು ಇನ್ನೂ ಇವೆ, ಚೀಟಿಯ ತೂತಿನೊಂದಿಗೆ ತಾಳೆ ನೋಡಲು ಬೇಕು ಎಂದರು. ಆಮೇಲೆ ಹೊಸ ತಿಂಗಳ ಚೀಟಿಯನ್ನು ಬೆಳಕಿಗೆ ಹಿಡಿದು ಹೇಳಿದರು: "ಅಕ್ಕಾರ, ಇದರಾಗ ಅಮಾಸಿ ಹಾಕಿಲ್ಲ ನೀವು. ಅಮಾಸಿ ದಿನ ಗೌಂಡಿಗೋಳು ಕೆಲಸ ಹಿಡಿಯಲ್ಲ. ಅಲ್ಲೊಂದು ಕರಿ ಚುಕ್ಕಿ ಇದ್ರ ಲೆಕ್ಕ ತಪ್ಪಲ್ಲ ನಮಗ." ಫೆಬ್ರುವರಿಯ ಚೀಟಿಗಳು ಅಚ್ಚಿಗೆ ಹೋಗಿರಲಿಲ್ಲ. ಸೋಮವಾರ ಬೆಳಿಗ್ಗೆ ಪ್ರೆಸ್ಸಿನವರಿಗೆ ಫೋನ್ ಮಾಡಿ ಕರಿ ಚುಕ್ಕಿ ಸೇರಿಸಲು ಹೇಳಿದೆ.